ಅರ್ಧ ತಾಸಿನ ಬ್ರೇಕ್ ರಿಪೇರಿ

ಮಾತಿನಲ್ಲಿ ನಾನು ಜಿಪುಣಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ. ಹೌದು ಎನ್ನಬೇಕಾದಲ್ಲಿ ತಲೆಯನ್ನು ಮೇಲೆ ಕೆಳಗೆ, ಬೇಡ ಎನ್ನಬೇಕಾದಲ್ಲಿ ಅತ್ತಿತ್ತ ಆಡಿಸಿದರೆ ದಿನದ ಮುಕ್ಕಾಲು ವ್ಯವಹಾರ ಮುಗಿಯುತ್ತದೆ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲೂ ಅರ್ಧ ಉತ್ತರಗಳನ್ನು ಹೀಗೇ ಕೊಟ್ಟು ಪಾಸಾದವಳು ನಾನು. ಈಗ ಹರಪನಹಳ್ಳಿಯ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ. ಮಣ್ಣು ಬಹಳ ಸಭ್ಯ ಪದಾರ್ಥ. ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತದೆಯೇ ಹೊರತು ನಮ್ಮ ಮದುವೆಯ ವಿಚಾರ ತೆಗೆಯುವುದಿಲ್ಲ.

ಇಂಥವಳ ಮನೆಯ ಮುಂದೆ ಕುಂಕುಮದ ಬಣ್ಣದ ಸ್ಪೋರ್ಟ್ಸ್ ಕಾರು ಏಕೆ ನಿಂತಿದೆ ಎಂದು ನೀವು ಕೇಳಬಹುದು. ಹಡಗಲಿಯ ನನ್ನ ಸೋದರಮಾವ ಹುಮ್ಮಸ್ಸಿನ ಕಾಲದಲ್ಲಿ ಕೊಂಡ ಕಾರು ಅದು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ಇಪ್ಪತ್ತು ವರ್ಷವಾದ ಮೇಲೆ ಕಾರು ಇನ್ನೂ ಗಟ್ಟಿಯಾಗಿತ್ತು, ಮಾವನ ಮೊಣಕಾಲು ಮಾತ್ರ ಅದರೊಳಗೆ ಮಡಚಲು ಒಪ್ಪದಾಯಿತು. ಕೀಲಿಕೈ ನನಗೆ ಬಂತು. ಎರಡೇ ಸೀಟಾದರೆ ದಾರಿಯಲ್ಲಿ ಯಾರೂ ಹತ್ತುವುದಿಲ್ಲ, ಮಾತಿನ ಕಾಟ ತಪ್ಪಿತು ಎಂದು ನಾನು ಲೆಕ್ಕ ಹಾಕಿದ್ದೆ. ಹಂಪು ಬಂದಾಗಲೆಲ್ಲ ಹೊಟ್ಟೆ ಉಜ್ಜಿಕೊಂಡು ದಾಟುವ ಆ ಕಾರನ್ನು ಇಡೀ ಊರೇ ನಿಂತು ನೋಡುತ್ತದೆ ಎಂಬುದು ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ಮೊನ್ನೆ ಹಿರೇಹಡಗಲಿಯ ಕಡೆಯಿಂದ ಬರುತ್ತಿದ್ದೆ. ಸುಗ್ಗಿ, ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಲು ಹರಡಿದ್ದರು. ತಿರುವಿನಲ್ಲಿ ಎದುರಿಗೊಂದು ಲಾರಿ ಬಂತು. ಬ್ರೇಕ್ ಒತ್ತಿದೆ. ಕಾರು ಕಿರುಚಿಕೊಳ್ಳುತ್ತ, ನಿಲ್ಲಲೋ ಬೇಡವೋ ಎಂದು ಯೋಚಿಸುತ್ತ, ಕಾಳಿನ ಅಂಚಿಗೆ ಇಟ್ಟಿದ್ದ ಕಲ್ಲಿನಿಂದ ಗೇಣು ದೂರದಲ್ಲಿ ನಿಂತಿತು. ಕಾಲಿನಿಂದ ಜೋಳ ಕೆದರುತ್ತಿದ್ದ ಮುದುಕಿ ಹೆದರಲಿಲ್ಲ. "ಯವ್ವಾ, ನಿನ್ನ ಗಾಡಿ ಹಂದಿ ಹಿಡದಂಗ ಒದರ್ತತಲ್ಲೇ! ಮೊದ್ಲು ಯಾರಿಗರ ತೋರ್ಸು" ಎಂದಳು. ನಾನು ತಲೆಯಾಡಿಸಿದೆ. ಅಲ್ಲಿಂದ ನಿಧಾನವಾಗಿ ಮನೆ ಸೇರಿ, ಶುಕ್ರವಾರ ಬೆಳಿಗ್ಗೆ ದಾದಾಪೀರ್ ಚಾಚಾ ಅವರ ಗ್ಯಾರೇಜಿಗೆ ಹೋದೆ.

ದಾದಾಪೀರ್ ಚಾಚಾ ನಮ್ಮೂರಿನಲ್ಲಿ ಬ್ರೇಕಿಗೆ ಹೆಸರಾದವರು. ಅವರದೊಂದು ಕಟ್ಟಳೆ ಇದೆ: ಬ್ರೇಕ್ ಮಾಡಿದ ಗಾಡಿಯಲ್ಲಿ ಮೊದಲ ಸುತ್ತಿನಲ್ಲಿ ಮಾಲೀಕರ ಪಕ್ಕ ತಾವೇ ಕೂರುತ್ತಾರೆ. ತಾನು ಮಾಡಿದ ಕೆಲಸದ ಮೇಲೆ ತನ್ನದೇ ಜೀವ ಇಡದಿದ್ದರೆ ಬೇರೆಯವರದು ಇಡಬಾರದು ಎನ್ನುತ್ತಾರೆ. ಚಕ್ರ ಬಿಚ್ಚಿ ನೋಡಿ, "ಪ್ಯಾಡ್ ಸವದಾವು ಮೇಡಂ. ಅರ್ಧ ತಾಸಿನ ಕೆಲಸ. ಚಾ ಕುಡೀರಿ, ಮುಗಿದಿರ್ತತಿ" ಎಂದರು.

ಚಾ ಮುಗಿಯಿತು, ಕೆಲಸ ಬೆಳೆಯಿತು. ಪ್ಯಾಡ್ ತೆಗೆದರೆ ಅದನ್ನು ಒತ್ತುವ ಪಿಸ್ಟನ್ ಜಂಗು ಹಿಡಿದು ಕೂತಿತ್ತು. ಅದನ್ನು ಬಿಡಿಸಿದರೆ ಒಳಗಿನ ರಬ್ಬರು ಹರಿದಿತ್ತು. ರಬ್ಬರಿನ ಪಕ್ಕದ, ಬ್ರೇಕ್ ಎಣ್ಣೆ ಹರಿಯುವ ಹೋಸು ಹಳೆಯ ಚಪ್ಪಲಿಯಂತೆ ಬಿರಿದಿತ್ತು. ಹೋಸು ಬಿಚ್ಚಲು ಹೋದಾಗ ಅದಕ್ಕೆ ಸೇರಿದ್ದ ಕಬ್ಬಿಣದ ಪೈಪು ನಟ್ಟಿನ ಸಮೇತ ತಿರುಚಿಕೊಂಡು ಕೈಗೆ ಬಂತು. ಪ್ರತಿ ಸಲವೂ ಚಾಚಾ ನನ್ನ ಮುಖ ನೋಡಿ, ಯಾರದೋ ಮನೆಯ ಕೆಟ್ಟ ಸುದ್ದಿ ಹೇಳುವವರಂತೆ ದನಿ ತಗ್ಗಿಸಿ, "ಇದೂ ಹೋಗೇತಿ" ಎನ್ನುತ್ತಿದ್ದರು. ಸಾಮಾನು ಶನಿವಾರ ದಾವಣಗೆರೆಯಿಂದ ಬಸ್ಸಿನಲ್ಲಿ ಬಂತು. ಭಾನುವಾರ ಬೆಳಗಿನ ಹೊತ್ತಿಗೆ ಎಲ್ಲ ಜೋಡಿಸಿ ಆಗಿತ್ತು. ಉಳಿದದ್ದು ಪೈಪಿನೊಳಗೆ ಸೇರಿದ ಗಾಳಿ ಹೊರಗೆ ಹಾಕುವುದು. ಅವರ ಮಾತಿನಲ್ಲಿ 'ಏರ್ ತೆಗಿಯೋದು'.

ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ಸ್ಕ್ರೂ ಸಡಿಲಿಸಿ, ಎಣ್ಣೆಯ ಜೊತೆ ಗಾಳಿ ಹೊರಬಂದ ಮೇಲೆ ಬಿಗಿ ಮಾಡಬೇಕು. ಸ್ಕ್ರೂ ತೆರೆದಿರುವಾಗ ಕಾಲು ಎತ್ತಿದರೆ ಹೋದ ಗಾಳಿ ತಿರುಗಿ ಒಳಗೆ. ಚಾಚಾ ಅವರ ಜೊತೆ ಕೆಲಸ ಮಾಡುವ ಅಳಿಯ ಮದುವೆಗೆಂದು ಕೊಟ್ಟೂರಿಗೆ ಹೋಗಿದ್ದರಿಂದ ಪೆಡಲ್ ನನ್ನ ಪಾಲಿಗೆ ಬಂತು. "ಹಿಡದ ಮ್ಯಾಲ ಕೂಗ್ರಿ. ನಾ 'ಬಿಡ್ರಿ' ಅಂದಾಗ ಬಿಡ್ರಿ, ಅಷ್ಟ" ಎಂದು ಅವರು ಹಿಂದಿನ ಚಕ್ರದ ಬುಡದಲ್ಲಿ ಅಂಗಾತ ಮಲಗಿದರು.

ಗ್ಯಾರೇಜಿನ ಬಾಗಿಲಲ್ಲಿ ಶಾಲೆಯ ವ್ಯಾನ್ ಓಡಿಸುವ ಕೊಟ್ರೇಶಪ್ಪ ಕೂತಿದ್ದರು. ಅವರ ವ್ಯಾನಿಗೂ ಬ್ರೇಕಿನ ಕೆಲಸವಿತ್ತು, ಸೋಮವಾರ ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ತೆಲಿಗಿಯಿಂದ ಬರಬೇಕಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅವರು ನಮ್ಮನ್ನೇ ನೋಡುತ್ತಿದ್ದರು.

"ಹಿಡಿದ್ರೇನು?" ಎಂದರು ಚಾಚಾ. ನಾನು ತಲೆಯಾಡಿಸಿದೆ. "ಮೇಡಂ, ಹಿಡಿದ್ರೇನು?" ಇನ್ನೂ ಸ್ಪಷ್ಟವಾಗಿ ತಲೆಯಾಡಿಸಿದೆ. 'ಬಿಡ್ರಿ' ಮಾತ್ರ ಬರಲಿಲ್ಲ. ಪೆಡಲ್ ಒತ್ತಿ ಒತ್ತಿ ಮೀನಖಂಡ ನಡುಗತೊಡಗಿತು. ಒಂದು ಕ್ಷಣ ಕಾಲು ಸಡಿಲಿಸಿ ಮತ್ತೆ ಒತ್ತಿದೆ. ಆಮೇಲೆ "ಬಿಡ್ರಿ" ಎಂಬ ದನಿ ಬಂತು. ನಾಲ್ಕೂ ಚಕ್ರ ಹೀಗೇ ಮುಗಿದು, ಚಾಚಾ ಬಂದು ಪೆಡಲ್ ಒತ್ತಿ ನೋಡಿದರೆ ಅದು ಹತ್ತಿಯ ದಿಂಬಿನಂತೆ ಮೆತ್ತಗೆ ಒಳಗೆ ಹೋಯಿತು. ಅವರ ಹುಬ್ಬು ಗಂಟಾಯಿತು. ಮತ್ತೆ ಒಂದು ಸುತ್ತು. ಮತ್ತೆ ದಿಂಬು.

ಮೂರನೆಯ ಸುತ್ತಿನಲ್ಲಿ ಬಾಗಿಲಿನ ಕನ್ನಡಿಯೊಳಗೆ ಅವರ ಕೈ, ಸ್ಕ್ರೂಗೆ ಸಿಕ್ಕಿಸಿದ್ದ ಸಣ್ಣ ನಳಿಕೆ ಕಂಡವು. ನಾನು ಕಾಲು ಸಡಿಲಿಸಿದ ಗಳಿಗೆಗೆ ಸರಿಯಾಗಿ, ಕೇಳಿ ಕೇಳಿ ಬೇಸತ್ತ ಆ ಕೈ ಪಾನಾ ಹಾಕಿ ಸ್ಕ್ರೂ ತೆರೆಯಿತು. ನಳಿಕೆಯ ಎಣ್ಣೆ ಸರಕ್ಕನೆ ಹಿಂದಕ್ಕೆ ಹೋಯಿತು. ದಿನವೂ ಗಾಜಿನ ನಳಿಕೆಗಳ ಜೊತೆ ಬದುಕುವ ನನಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಗಾಳಿಯನ್ನು ಒಳಗೆ ಬಿಡುತ್ತಿದ್ದವಳು ನಾನು.

ಹೇಳಬಹುದಿತ್ತು. ಹೇಳಲಿಲ್ಲ. ಸುತ್ತು ಮುಗಿದಾಗ ಪೆಡಲ್ ಮತ್ತೆ ದಿಂಬೇ. ಕೊಟ್ರೇಶಪ್ಪ ಎದ್ದು ಬಂದು, "ಸಾಬ್ರ, ಮೂರು ಸಲ ಆತು. ನಿಮ್ಮ ಕೈಗೂ ಪೆನ್ಷನ್ ಕೊಡೋ ಕಾಲ ಬಂತೇನ್ರಿ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಳಿ ಹುಡುಗ್ರನ್ನ ಕೂಡಿಸ್ಕೊಂಡು ಹೋಗೋ ಗಾಡಿ. ನಾ ದಾವಣಗೆರಿಗೇ ಒಯ್ತೀನಿ" ಎಂದರು.

ಚಾಚಾ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಅವರು ಅರಿವೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ಒಯ್ರಿ ಕೊಟ್ರೇಶಪ್ಪ. ಬ್ರೇಕ್ ಅಂದ್ರ ಜೀವದ ಮಾತು. ನನಗ ನನ್ನ ಕೈಮ್ಯಾಗ ಗುಮಾನಿ ಬಂದೇತಿ. ಈ ಮಾಸ್ಟರ್ ಸಿಲಿಂಡರ್ ಒಂದು ಬಿಚ್ಚಿ ನೋಡ್ತೀನಿ. ಅದೂ ಚಲೋ ಇತ್ತಂದ್ರ ತಪ್ಪು ನನ್ನ ಕೈದು, ಇವತ್ತಿಂದ ನನ್ನ ಬ್ರೇಕ್ ಕೆಲಸ ಬಂದ್. ಅಳಿಯ ನೋಡ್ಕೊಳ್ಳಲಿ" ಎಂದು ಬಾನೆಟ್ ಎತ್ತಿದರು.

ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಆ ಮಾಸ್ಟರ್ ಸಿಲಿಂಡರ್ ಚೆನ್ನಾಗಿಯೇ ಇದೆ ಎಂದು ಆ ಗ್ಯಾರೇಜಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಚಾಚಾ ಸರಿಯಾದ ಅಳತೆಯ ಪಾನಾ ಹುಡುಕುತ್ತಿದ್ದರು. ನಾನು ಫೋನ್ ತೆಗೆದು ಮೂರು ವಾಕ್ಯದ ಕ್ಷಮಾಪಣೆ ಬರೆದೆ. 'ಅಚಾತುರ್ಯ' ಎಂಬ ಪದ ತುಸು ಭಾರವಾಯಿತೆನಿಸಿ ಅಳಿಸಿ 'ತಪ್ಪು' ಎಂದು ತಿದ್ದಿದೆ. ಅವರ ನಂಬರೇ ನನ್ನಲ್ಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಪಾನಾ ಸಿಕ್ಕಿತು. ಅದು ಕಟಕ್ಕನೆ ನಟ್ಟಿಗೆ ಕೂತಿತು.

"ಚಾಚಾ, ತಪ್ಪು ನಂದು" ಎಂದೆ. ನನ್ನ ಮಟ್ಟಿಗೆ ಅದು ಗಟ್ಟಿ ದನಿ. ಬಾನೆಟ್ಟಿನ ಒಳಗೆ ತಲೆ ಇಟ್ಟವರಿಗೆ ಕೇಳಲಿಲ್ಲ. ಕೊಟ್ರೇಶಪ್ಪನವರಿಗೆ ಕೇಳಿತು. "ಮೇಡಂ ಏನೋ ಅಂದ್ರು ನೋಡ್ರಿ" ಎಂದರು. ಚಾಚಾ ತಲೆ ಎತ್ತದೆ, "ಏನಂತ?" ಎಂದರು. ಪಾನಾ ತಿರುಗಲು ಶುರುವಾಗಿತ್ತು.

"ಬಿಚ್ಚಬೇಡಿ! ಕಾಲು ಬಿಟ್ಟದ್ದು ನಾನು! ಮೂರು ಸಲವೂ ನಾನೇ!"

ಆ ದನಿ ನನ್ನದೆಂದು ನಂಬಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಎದುರಿನ ಚಾದಂಗಡಿಯ ಬೆಂಚಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಚಾಚಾ ನಿಧಾನವಾಗಿ ಬಾನೆಟ್ಟಿನಿಂದ ಹೊರಬಂದರು.

"ಮತ್ತ ನಾ ಕೇಳ್ದಾಗ ಹಿಡಿದೀನಿ ಅನ್ಲೇ ಇಲ್ಲಲ್ಲ ನೀವು?"

"ತಲೆ ಆಡಿಸಿದ್ದೆ."

"ತಲಿ?" ಅವರು ನನ್ನ ತಲೆಯನ್ನೊಮ್ಮೆ, ತಾವು ಮಲಗಿದ್ದ ಜಾಗವನ್ನೊಮ್ಮೆ ನೋಡಿದರು. "ಬೇಟಿ, ನಾ ಗಾಡಿ ಬುಡಕ ಮಕ್ಕೊಂಡೀನಿ. ನಿನ್ನ ತಲಿ ನನಗ ಕಾಣಾಕ ನಾನೇನು ಎಕ್ಸ್‌ರೇ ಮಿಷನ್ನಾ?"

ಬೆಂಚಿನವರು ನಕ್ಕರು, ಕೊಟ್ರೇಶಪ್ಪ ನಕ್ಕರು. ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಚಾಚಾ ನಕ್ಕರು. ನಗುತ್ತಲೇ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ನನ್ನ ಮುಖ ಕಾರಿನ ಬಣ್ಣಕ್ಕೆ ಸರಿಹೊಂದಿತ್ತು.

ನಾಲ್ಕನೆಯ ಸುತ್ತಿನಲ್ಲಿ ನಾನು ಒಂದೊಂದು ಸಲವೂ "ಹಿಡಿದೀನಿ!" ಎಂದು ಕೂಗಿದೆ. ಬೆಂಚಿನಿಂದ ಯಾರೋ "ಇನ್ನಾ ಜೋರು ಮೇಡಂ!" ಎಂದು ಹುರಿದುಂಬಿಸುತ್ತಿದ್ದರು. ಕೊನೆಗೆ ಪೆಡಲ್ ಅರ್ಧಕ್ಕೇ ಕಲ್ಲಿನಂತೆ ನಿಂತಿತು. ಚಾಚಾ ಕಟ್ಟಳೆಯಂತೆ ಪಕ್ಕದ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತರು. ಊರ ಹೊರಗಿನ ಖಾಲಿ ರಸ್ತೆಯಲ್ಲಿ ಅವರು "ಈಗ!" ಎಂದಾಗ ಒತ್ತಿದೆ. ಕಾರು ತುಟಿ ಪಿಟಕ್ಕೆನ್ನದೆ ನಿಂತಿತು. ಅವರು "ಕೈ ಐತಿ ಇನ್ನ" ಎಂದು ತಮಗೆ ತಾವೇ ಹೇಳಿಕೊಂಡರು.

ವಾಪಸು ಬಂದಾಗ ಕೊಟ್ರೇಶಪ್ಪನವರ ವ್ಯಾನ್ ದಾವಣಗೆರೆಗೆ ಹೋಗದೆ ಗ್ಯಾರೇಜಿನೊಳಗೆ ಬಂದು ನಿಂತಿತ್ತು. ಅಳಿಯ ಇನ್ನೂ ಕೊಟ್ಟೂರಿನಲ್ಲೇ ಇದ್ದರು. ಯಾರೂ ನನ್ನನ್ನು ಕೇಳಲಿಲ್ಲ. ಚಾಚಾ ವ್ಯಾನಿನ ಪೆಡಲ್ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಅಷ್ಟೇ. ಹತ್ತಿ ಕೂತೆ. ಅದರ ಪೆಡಲ್ಲಿಗೆ ನನ್ನ ಮೈಭಾರವೆಲ್ಲ ಬೇಕಾಯಿತು, ಉದ್ದದ ಗಾಡಿಯಾದ್ದರಿಂದ ಹಿಂದಿನ ಚಕ್ರಕ್ಕೆ ಕೇಳಿಸಲು ಗಂಟಲೂ ಪೂರ್ತಿ ಬೇಕಾಯಿತು. ಕೆಲಸ ಮುಗಿಯುವ ಹೊತ್ತಿಗೆ ನನ್ನ ದನಿ ಪೂರಾ ಕಟ್ಟಿಹೋಗಿತ್ತು. ಸೋಮವಾರ ಒಂದಕ್ಷರ ಹೊರಡಲಿಲ್ಲ, ಮಂಗಳವಾರವೂ ಇಲ್ಲ. ಕಾರಣ ಕೇಳಿದರೆ ಇರಲಿ ಎಂದು ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಂಡು ಹೋಗಿದ್ದೆ. ಗುರುವಾರ ದನಿ ವಾಪಸು ಬರುವವರೆಗೂ ಪ್ರಯೋಗಾಲಯದಲ್ಲಿ ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.