ನೀರು ಹೊರುವವನ ಬಂಡಾಯ

ನೀರು ತಣ್ಣಗಿರಲಿಲ್ಲ. ರಾದ್ಧಾಂತ ಶುರುವಾಗಿದ್ದೇ ಅಲ್ಲಿಂದ.

ಹನ್ನೊಂದು ವರ್ಷದಿಂದ ಅವನ ವೃತ್ತಿ ಸೈಕಲ್ ರೇಸು. ಅಂದರೆ, ತಂಡದ ನಾಯಕನಿಗೆ ನೀರು ಹೊರುವುದು. ಹಿಂದೆ ಬರುವ ಮ್ಯಾನೇಜರ್ ಕಾರಿನಿಂದ ಆರು ಬಾಟಲಿ ಅಂಗಿಯೊಳಗೆ ತುರುಕಿಕೊಂಡು, ತುಂಬು ಬಸುರಿಯಂತೆ ಏದುಸಿರು ಬಿಡುತ್ತ, ನೂರು ಸೈಕಲ್ ದಾಟಿ ಮುಂದೆ ಬರಬೇಕು. ಒಂದು ರೇಸನ್ನೂ ಗೆದ್ದವನಲ್ಲ. ಅವನ ಕರಾರು ಇವತ್ತಿಗೆ ಮುಗಿಯುತ್ತಿತ್ತು. "ಒಂದೇ ಒಂದ್ಸಲ ನೀವು ಮೊದಲು ಬರೋದು ನೋಡ್ಬೇಕು ಕಣ್ರೀ" ಎಂದಿದ್ದ ಹೆಂಡತಿ ಗೆಲುವಿನ ಗೆರೆಯ ಬಳಿ ಬೆಳಿಗ್ಗೆಯಿಂದ ನಿಂತಿದ್ದಳು.

ನಾಯಕ ಒಂದು ಗುಟುಕು ಕುಡಿದು ಉಗಿದ. "ಥೂ! ನನಗೇನು ಸ್ನಾನ ಮಾಡಿಸ್ತೀಯಾ? ಹೋಗು, ತಣ್ಣಗಿರೋದು ತಗೊಂಡ್ಬಾ."

ಇವನ ಪಿತ್ತ ನೆತ್ತಿಗೇರಿತು. ಉಳಿದ ಐದೂ ಬಾಟಲಿಗಳನ್ನು ಚರಂಡಿಗೆಸೆದ. "ನೀನೇ ಹೋಗಿ ತಗೊಂಡ್ಬಾರೋ!" ಎಂದು ಅರಚಿ, ತಲೆ ತಗ್ಗಿಸಿ ತುಳಿಯತೊಡಗಿದ. ಇನ್ನೂ ನಲವತ್ತು ಕಿಲೋಮೀಟರ್ ಬಾಕಿ ಇತ್ತು.

"ಎಲ್ಲಿಗೋ ಹೊರಟೆ? ತಲೆ ಕೆಟ್ಟಿದ್ಯಾ?" ಕಿವಿಯ ರೇಡಿಯೋದಲ್ಲಿ ಮ್ಯಾನೇಜರ್ ಬಾಯಿ ಬಡಿದುಕೊಂಡ. ಇವನು ರೇಡಿಯೋವನ್ನೂ ಕಿತ್ತೆಸೆದ. ಹನ್ನೊಂದು ವರ್ಷದ ಸಿಟ್ಟೆಲ್ಲ ಕಾಲಿಗಿಳಿದಿತ್ತು.

ನಾಯಕನಿಗೇ ತಿರುಗಿಬಿದ್ದವನು ಗೆದ್ದೇಬಿಡುತ್ತಾನೆಂದು ಹೆದರಿ ಉಳಿದ ತಂಡಗಳೆಲ್ಲ ಬೆನ್ನಟ್ಟಿದವು. ನಾಯಕ ಮಾತ್ರ ಅವರ ಬೆನ್ನ ಹಿಂದೆ, ಎದುರುಗಾಳಿ ತಾಗದಂತೆ ಆರಾಮಾಗಿ ಬಂದ. ಗೆರೆಗೆ ಇನ್ನೂರು ಮೀಟರ್ ಇರುವಾಗ ಇವನು ಸಿಕ್ಕಿಬಿದ್ದ. ಬೆನ್ನಟ್ಟಿದವರ ಕಾಲೂ ಸೋತಿತ್ತು. ದಣಿಯದವನೊಬ್ಬನೇ, ನಾಯಕ. ಅವನೇ ಗೆದ್ದ. ಇವನು ಹದಿನಾಲ್ಕನೆಯವನು.

ನಾಯಕ ವೇದಿಕೆಯಲ್ಲಿ ಮೈಕು ಹಿಡಿದು, "ಜಗಳ ನಾಟಕ! ಉಪಾಯ ನಂದೇ. ನಮ್ಮ ಹುಡುಗ ಎಷ್ಟು ಚೆನ್ನಾಗಿ ಮಾಡ್ದ ನೋಡಿ!" ಎಂದ.

"ಹಸಿ ಸುಳ್ಳು!" ಎಂದು ಇವನು ಮುನ್ನುಗ್ಗುವಷ್ಟರಲ್ಲಿ ಮ್ಯಾನೇಜರ್ ರಟ್ಟೆ ಹಿಡಿದ. "ನಿನ್ನ ಕೊಬ್ಬು ನಂಗೊತ್ತು. ನಿಜ ಹೇಳಿದ್ರೆ ಇವತ್ತೇ ಮನೆಗೆ. ಬಾಯ್ಮುಚ್ಕೊಂಡಿದ್ರೆ ಇನ್ನೂ ಮೂರು ವರ್ಷ ಕೆಲಸ. ಪ್ರತಿ ರೇಸಲ್ಲೂ ಹೀಗೇ ಸಿಟ್ಟು ಮಾಡ್ಕೊಂಡು ಓಡ್ಬೇಕು. ಗೆರೆ ಬರೋ ಮುಂಚೆ ಸಿಕ್ಕಿಬೀಳ್ಬೇಕು."

ಇವನು ಹಲ್ಲು ಕಚ್ಚಿಕೊಂಡು ಹೊಸ ಕರಾರಿಗೆ ಸಹಿ ಹಾಕಿದ.

ಹೆಂಡತಿ ಜನರನ್ನು ಸೀಳಿಕೊಂಡು ಬಂದಳು. "ಅಬ್ಬಬ್ಬಾ, ಏನು ನಟನೆ ರೀ! ಹಾಗಾದ್ರೆ ಮನೇಲಿ ನನ್ಮೇಲೆ ರೇಗಾಡೋದೂ ನಾಟಕಾನೇ?"

"ಅಲ್ಲ ಕಣೇ! ನಂಗೆ ನಿಜವಾಗ್ಲೂ ಸಿಟ್ಟು ಬಂದಿತ್ತು! ಈಗ್ಲೂ ಬಂದಿದೆ!" ಗಂಟಲು ಹರಿಯುವಂತೆ ಕಿರುಚಿದ.

ಸುತ್ತ ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.