ಮೂರು ನಿಮಿಷದ ಮುದುಕಿ

ಎಲ್ಲದಕ್ಕೂ ಕಾರಣ ಒಂದು ಆಕಳಿಕೆ. ಪ್ರಿವ್ಯೂ ಥಿಯೇಟರಿನಲ್ಲಿ ಭರ್ಜರಿ ಊಟ ಮುಗಿಸಿ ಕೂತಿದ್ದ ನಿರ್ಮಾಪಕರ ಅಳಿಯ ಗುಹೆಯಂತೆ ಬಾಯಿ ತೆರೆದ. ಆಕಳಿಕೆ ಅಂಟುರೋಗ. ಮಾವನಿಗೆ ಹತ್ತಿತು, ಮಾವನಿಂದ ಹಂಚಿಕೆದಾರರಿಗೆ ದಾಟಿತು. ತೆರೆಯ ಮೇಲೆ ಆಗ ಒಬ್ಬ ಮುದುಕಿ ಇಟ್ಟಿಗೆಯ ಬುಟ್ಟಿ ಇಳಿಸಿ, ನೆಲದ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಮೂರು ನಿಮಿಷ. ಮಾತಿಲ್ಲ, ಸಂಗೀತವಿಲ್ಲ.

ದೀಪ ಹತ್ತಿತು.

“ಲ್ಯಾಗು,” ಎಂದ ಅಳಿಯ.

“ಮುದುಕಿ ನೀರು ಕುಡಿಯೋದನ್ನ ನೋಡೋಕೆ ಟಿಕೆಟ್ ತಗೋತಾರೇನ್ರೀ? ಜನರ ಮನೇಲಿ ಮುದುಕೀರಿಲ್ವಾ?” ಎಂದರು ಹಂಚಿಕೆದಾರರು.

ಹೀರೋ ಹದಿನೆಂಟು ನಿಮಿಷ ಜನರನ್ನು ಗಾಳಿಗೆ ತೂರಿದ್ದು ಯಾರಿಗೂ ಉದ್ದವೆನಿಸಿರಲಿಲ್ಲ. ಬೆವರು ಸುರಿಸುವವರು ಒಂದು ಉಸಿರು ಬಿಟ್ಟರೆ ಸಾಕು, ಕೂತವರಿಗೆ ಗಡಿಯಾರ ನೆನಪಾಗುತ್ತದೆ.

“ಡೈರೆಕ್ಟ್ರೇ,” ನಿರ್ಮಾಪಕರು ಮೈಮುರಿದರು. “ಸೆಕೆಂಡ್ ಹಾಫ್ ಆರು ಗಂಟೆಗೆ ಮತ್ತೆ ನೋಡೋಣ. ಅಷ್ಟರಲ್ಲಿ ಮುದುಕಿಗೊಂದು ಗತಿ ಕಾಣಿಸಿ. ನಿಮಗೆ ಕೈ ಬರಲ್ಲ ಅಂದ್ರೆ ಹೇಳಿ, ಬೇರೆ ಎಡಿಟರ್‌ನ ಕರೆಸ್ತೀನಿ.”

ಡೈರೆಕ್ಟ್ರೇ! ಆ ಒಂದು ಕರೆಗಾಗಿ ಅವನು ಇಪ್ಪತ್ತೆರಡು ವರ್ಷ ಕಾದಿದ್ದ. ಅಲ್ಲಿಯವರೆಗೆ ಅವನು ಬರೀ ‘ಕತ್ತರಿ’. ಎಡಿಟಿಂಗ್ ಕೋಣೆಯಲ್ಲಿ ಕೂತು ಕಂಡವರ ಸಿನಿಮಾಗಳ ಬೊಜ್ಜು ಕರಗಿಸುವವನು.

ಅದೇ ಕೋಣೆಯಲ್ಲೀಗ ಅವನ ಸಹಾಯಕಿ ಕೂತಿದ್ದಳು. “ಸರ್, ಎಲ್ಲಿಂದ ಎಲ್ಲಿಗೆ ಹಾರಿಸ್ಲಿ?”

“ಅದು ನಮ್ಮಮ್ಮ ಕಣಮ್ಮ.”

ಮೌಸಿನ ಮೇಲಿದ್ದ ಅವಳ ಕೈ ಬೆಂಕಿ ತಾಗಿದಂತೆ ಹಿಂದೆ ಬಂತು.

ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮ್ಮ ಸ್ಟುಡಿಯೋದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಹೀಗೇ ಕೂತು ನೀರು ಕುಡಿಯುವಾಗ, ಅಂದಿನ ಹೀರೋನ ಹಿಂದೆ ಒಂದು ಶಾಟಿನಲ್ಲಿ ಸಿಕ್ಕಿದ್ದಳು. “ಆ ಹೆಂಗಸನ್ನ ತೆಗಿ, ಕಣ್ಣಿಗೆ ಚುಚ್ತಾಳೆ,” ಎಂದಿದ್ದರು ಮೇಲಿನವರು. ಹೊಟ್ಟೆಪಾಡು, ತೆಗೆದಿದ್ದ. “ಭಲೆ, ಒಳ್ಳೆ ಎಡಿಟರ್!” ಎಂದು ಬೆನ್ನು ತಟ್ಟಿದ್ದರು. ಆ ಹೊಗಳಿಕೆಯನ್ನಷ್ಟೇ ಮನೆಗೆ ಹೊತ್ತು ಅಮ್ಮನಿಗೆ ಒಪ್ಪಿಸಿದ್ದ. ಅವಳು ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸಿನಿಮಾಕ್ಕೆ ಹೋಗಿ, “ಈಗ ಬರ್ತೀನಿ, ಈಗ ಬರ್ತೀನಿ,” ಎನ್ನುತ್ತ ಕೊನೆಯವರೆಗೂ ರೆಪ್ಪೆ ಮಿಟುಕಿಸದೆ ಕೂತಿದ್ದಳು.

“ಏನೂ ಕತ್ತರಿಸಬೇಡ,” ಎಂದ. “ಲ್ಯಾಗ್ ಇರೋದು ಸಿನಿಮಾದಲ್ಲಲ್ಲ, ಅವರ ಹೊಟ್ಟೇಲಿ. ಎಸಿ ಜಾಸ್ತಿ ಮಾಡ್ಸು. ಎಲ್ರಿಗೂ ಸ್ಟ್ರಾಂಗ್ ಕಾಫಿ.”

“ಸಿಕ್ಕಿಬಿದ್ರೆ ಸರ್?”

“ಇಷ್ಟು ವರ್ಷ ಕತ್ತರಿಸಿದ್ದೇ ಅವರ ಕಣ್ಣಿಗೆ ಬಿದ್ದಿಲ್ಲ. ಕತ್ತರಿಸದೇ ಇರೋದು ಬೀಳತ್ತಾ?”

ಆರು ಗಂಟೆ. ಕಾಫಿ ಇಳಿಯಿತು, ತೆರೆ ಬೆಳಗಿತು. ಮುದುಕಿ ಬಂದಳು, ಬುಟ್ಟಿ ಇಳಿಸಿದಳು, ಮೂರು ನಿಮಿಷಕ್ಕೆ ಒಂದು ಕ್ಷಣವೂ ಕಡಿಮೆಯಿಲ್ಲದಂತೆ ನೀರು ಕುಡಿದಳು. ಹಂಚಿಕೆದಾರರು ಕರವಸ್ತ್ರ ತೆಗೆದು ಮೂಗೊರೆಸಿಕೊಂಡರು.

“ನಾನು ಹೇಳ್ಲಿಲ್ವಾ?” ದೀಪ ಹತ್ತುತ್ತಲೇ ಅಳಿಯ ಎದ್ದು ನಿಂತ. “ಅರ್ಧಕ್ಕೆ ಇಳಿಸಿದ್ಮೇಲೆ ನೋಡಿ, ಮುದುಕಿ ಎದೆ ಮೇಲೇ ಬಂದು ಕೂತ್ಲು!”

“ಇನ್ನೂ ಒಂದ್ ಸ್ವಲ್ಪ ಇರಬೇಕಿತ್ತು ಅನ್ನಿಸ್ತು ಕಣ್ರೀ,” ಎಂದರು ಹಂಚಿಕೆದಾರರು.

ನಿರ್ಮಾಪಕರು ಅವನನ್ನು ಬಾಚಿ ತಬ್ಬಿದರು. “ಲೋ ಕತ್ತರೀ! ಮೂರೇ ಗಂಟೇಲಿ ಹೆಣಕ್ಕೆ ಜೀವ ತುಂಬಿದೆಯಲ್ಲೋ! ಇಂಥ ಕೈನ ಡೈರೆಕ್ಷನ್‌ಗೆ ಹಾಕಿ ಹಾಳು ಮಾಡ್ದೆ. ತಪ್ಪು ನಂದೇ. ಮುಂದಿನ ಪಿಕ್ಚರ್ ನಮ್ಮ ಅಳಿಯಂದಿರು ಡೈರೆಕ್ಟ್ ಮಾಡ್ತಾರೆ. ನೀನು ನಿನ್ನ ಟೇಬಲ್ಲಿಗೆ ವಾಪಸ್ ಬಂದ್ಬಿಡು.”

ಮಧ್ಯಾಹ್ನದ ‘ಡೈರೆಕ್ಟ್ರೇ’ ಸಂಜೆಗೆ ‘ಲೋ’ ಆಗಿತ್ತು.

ಸಹಾಯಕಿ ಹಿಂದಿನಿಂದ ಅಂಗಿ ಜಗ್ಗಿದಳು. “ಏನೂ ಕತ್ತರಿಸಿಲ್ಲ ಅಂತ ಹೇಳ್ಬಿಡಿ ಸರ್!”

ಹೇಳಬಹುದಿತ್ತು. ಹೇಳಿದರೆ ಕುರ್ಚಿ ಉಳಿದರೂ ಉಳಿದೀತು. ಅಮ್ಮ ಮಾತ್ರ ಉಳಿಯುವುದಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ನಿಂತವನು, ಕೊನೆಗೆ ನುಂಗಿಕೊಂಡ.

ಹೊರಗೆ ಬಂದು ಮನೆಗೆ ಫೋನು ಮಾಡಿದ.

“ಈ ಸಲ ಇದೀನೇನೋ ನಾನು?” ಅಮ್ಮನ ಮೊದಲ ಮಾತು.

“ಪೂರ್ತಿ ಇದೀಯಮ್ಮ. ಒಂದು ಗುಟುಕೂ ಬಿಟ್ಟಿಲ್ಲ.”

“ನಿಂಗೇನಂದ್ರು?”

“ಒಳ್ಳೆ ಎಡಿಟರ್ ಅಂದ್ರು.”

“ಅಯ್ಯೋ ಮಗನೇ,” ಎಂದಳು ಅಮ್ಮ, “ನನ್ನ ತೆಗೆದುಹಾಕಿದ ದಿನಾನೂ ಅದನ್ನೇ ಅಂದಿದ್ರಲ್ಲೋ!”