ಕರ್ನೆಲ್ ಬಿಸಿಗೆ ಒಣಗಿದ ಹಲಸಿನ ಹಪ್ಪಳ

ಯಾವುದಾದರೂ ಒಂದು ವಿಷಯ ಅರ್ಧ ಗೊತ್ತಿದ್ದರೆ ಮನುಷ್ಯನಿಗೆ ಸುಮ್ಮನಿರಲು ಆಗುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ನಾನು ಅಂಥ ಅರ್ಧದವನು. ಕಡಬದ ಶಾಲೆಯಲ್ಲಿ ಗಣಿತ ಕಲಿಸಿ ಪುತ್ತೂರಿನ ಬಾಡಿಗೆ ಮನೆಗೆ ಮರಳಿದ ಮೇಲೆ ನನ್ನ ಹಳೆಯ ಕಂಪ್ಯೂಟರಿನ ಮುಂದೆ ಕೂರುವುದೇ ನನ್ನ ಸುಖ. ಅದು ಕಣ್ಣು ಬಿಡುವಷ್ಟರಲ್ಲಿ ಕಾಫಿ ಕುಡಿದು, ಲೋಟ ತೊಳೆದು, ಪಕ್ಕದ ಮನೆಯವರ ಮಂಡಿನೋವು ವಿಚಾರಿಸಿ ಬರಬಹುದು. “ಈ ಡಬ್ಬ ಗುಜರಿಗೆ ಕೊಡಿ ಮಾರಾಯ್ರೆ. ಹಪ್ಪಳ ಹರಡ್ಲಿಕ್ಕೆ ನಂಗೆ ಮೇಜು ಬೇಕು” ಎಂದು ಹೆಂಡತಿ ಸುಮತಿ ತೀರ್ಪು ಕೊಟ್ಟಳು. ಅವಳು ಹಲಸಿನ ಹಪ್ಪಳ ತಟ್ಟಿ ಮುಗಿಸುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗಿತ್ತು. ಆಲೆಟ್ಟಿಯಲ್ಲಿರುವ ತನ್ನ ಅಕ್ಕನಿಗೆ ಈ ಸಲ ತಾನೇ ಹಪ್ಪಳ ಕಳಿಸುತ್ತೇನೆಂದು ಜಂಬ ಕೊಚ್ಚಿಯೂ ಆಗಿತ್ತು. ಹಪ್ಪಳ ಬೂಸ್ಟು ಹಿಡಿದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆಂಬುದು ಅವಳ ಚಿಂತೆ, ಕಂಪ್ಯೂಟರ್ ಹೋದರೆ ಬದುಕುವುದು ಹೇಗೆಂಬುದು ನನ್ನದು.

“ಸ್ವಲ್ಪ ತಡಿ, ಗಾಳಿಯ ಹಾಗೆ ಓಡಿಸ್ತೇನೆ” ಎಂದು ಮಾತು ಕೊಟ್ಟೆ. ನನ್ನ ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಲಿನಕ್ಸ್. ಅದರ ಕರ್ನೆಲ್ ಎಂದರೆ ಯಂತ್ರಕ್ಕೂ ನಮಗೂ ನಡುವೆ ನಿಂತು ಎಲ್ಲ ಸುಧಾರಿಸುವ ಪಾರುಪತ್ಯಗಾರ. ಲೋಕದ ಸಕಲ ಸಾಧನಗಳಿಗೂ ಅದರಲ್ಲಿ ಜಾಗ ಇಟ್ಟಿರುತ್ತಾರೆ. ನಮಗೆ ಬೇಡದ್ದನ್ನು ಕಿತ್ತು ಹೊಸದಾಗಿ ಕಂಪೈಲ್ ಮಾಡಿಕೊಂಡರೆ, ಅಂದರೆ ಯಂತ್ರವನ್ನೇ ಗಂಟೆಗಟ್ಟಲೆ ದುಡಿಸಿ ಅದನ್ನು ಮತ್ತೆ ಕಟ್ಟಿಸಿಕೊಂಡರೆ, ವೇಗ ಹೆಚ್ಚುತ್ತದೆ ಎಂದು ಎಲ್ಲೋ ಓದಿದ್ದೆ. ಮೊದಲು ಅದು ಒಂದೊಂದೇ ಕೇಳುತ್ತಾ ಹೋಗುತ್ತದೆ: ಇದು ಬೇಕೇ? ಅದು ಬೇಕೇ? ನಾನೋ ಬುದ್ಧಿ ಬಂದಂದಿನಿಂದ ಊಟದ ಪಂಕ್ತಿಯಲ್ಲಿ “ಬೇಡ, ಬೇಡ” ಎನ್ನುತ್ತಲೇ ಬೆಳೆದವನು. ನಮ್ಮಲ್ಲಿ ಬೇಡ ಎಂದವನ ಎಲೆಗೆ ಇನ್ನೊಂದು ಸೌಟು ಪಾಯಸ ಬೀಳಬೇಕು, ಅದು ಕ್ರಮ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಾದರೂ ಬೀಳುತ್ತದೆ. ಕರ್ನೆಲ್‌ಗೆ ಈ ಮರ್ಯಾದೆ ಗೊತ್ತಿಲ್ಲ. ಬೇಡ ಎಂದ ಕೂಡಲೇ ಅದು ಮುಂದಿನದಕ್ಕೆ ಹೋಯಿತು. ನಾನೂ ಅದೇ ಹುರುಪಿನಲ್ಲಿ ಬೇಡ ಎನ್ನುತ್ತಾ ಹೋದೆ.

ಕಂಪೈಲ್ ಶುರುವಾದದ್ದೇ ಫ್ಯಾನು ಬೊಬ್ಬೆ ಹೊಡೆಯತೊಡಗಿತು. ಗದರಿಸಲು ಬಂದ ಸುಮತಿ ಡಬ್ಬದ ಹಿಂದೆ ಕೈ ಒಡ್ಡಿ ನಿಂತಳು. “ಎಂತ ಇದು? ಒಳ್ಳೆ ಬಿಸಿಗಾಳಿ ಉಂಟಲ್ಲ!” ಮರುಕ್ಷಣ ಅಕ್ಕಿ ಕೇರುವ ತಡ್ಪೆಯಲ್ಲಿ ಹಪ್ಪಳಗಳು ಬಂದು ಕುಳಿತವು. ಸಂಜೆಯಾಗುವಾಗ ಕರ್ನೆಲೂ ಆಯಿತು, ಒಂದು ತಡ್ಪೆ ಹಪ್ಪಳವೂ ಗರಿಗರಿ ಒಣಗಿತು.

ಹೊಸ ಕರ್ನೆಲ್ ನಿಜವಾಗಿಯೂ ಚಕ್ಕನೆ ತೆರೆದುಕೊಂಡಿತು. ಪಾಸ್‌ವರ್ಡ್ ಒತ್ತಿದೆ, ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡಿಗೂ ನಾನು ಬೇಡ ಎಂದಿದ್ದೆ.

“ಹಾಗಾದ್ರೆ ಪುನಃ ಮೊದಲಿಂದ ಮಾಡ್ಬೇಕಾ?” ಸುಮತಿ ಕೇಳಿದಳು.

“ಹೌದು, ಹಳೇ ಕರ್ನೆಲ್ ಇನ್ನೂ ಉಂಟು, ಅದರಲ್ಲಿ ತೆರೆದು ಪುನಃ ಮಾಡ್ಬೇಕು” ಎಂದೆ ಸಪ್ಪೆ ಮುಖದಲ್ಲಿ. ಮದುವೆಯಾದಂದಿನಿಂದ ನನ್ನ ಯಾವ ಸೋಲಿಗೂ ಅವಳು ಅಷ್ಟು ಸಂತೋಷಪಟ್ಟದ್ದಿಲ್ಲ. ಓಡಿಹೋಗಿ ಇನ್ನೊಂದು ತಡ್ಪೆ ತಂದಳು. ಮುಂದಿನ ಸಲ ಮೌಸ್ ಹೋಯಿತು, ಅದರಾಚೆ ಧ್ವನಿ ಹೋಯಿತು. ಹಪ್ಪಳ ಮಾತ್ರ ಡಬ್ಬಿ ತುಂಬುತ್ತಾ ಬಂತು. ಕೊನೆಗೆ ಎಲ್ಲ ಸರಿಯಾಗಿ, ಕಂಪ್ಯೂಟರ್ ತಣ್ಣಗೆ, ಸದ್ದಿಲ್ಲದೆ, ಗಾಳಿಯ ಹಾಗೆ ಓಡಿದ ದಿನ ಅವಳು ಅದರ ಮೈಮುಟ್ಟಿ ನೋಡಿ, “ಅಯ್ಯೋ, ಹಾಳು ಮಾಡಿಬಿಟ್ರಲ್ಲ! ಇನ್ನೂ ಅರ್ಧಕ್ಕರ್ಧ ಹಪ್ಪಳ ಹಸಿ ಉಂಟು” ಎಂದಳು. ಸರಿಯಾಗಿದ್ದ ಕರ್ನೆಲನ್ನು ಸುಮ್ಮಸುಮ್ಮನೆ ಮತ್ತೆ ಕಂಪೈಲ್‌ಗೆ ಕೂರಿಸಿದೆ. ಗುಜರಿಯ ಮಾತು ಅಲ್ಲಿಗೆ ನಿಂತಿತು.

ಹಪ್ಪಳವೂ ಅದು ಒಣಗಿದ ಕಥೆಯೂ ಮುಟ್ಟಿದ ಮೇಲೆ ಆಲೆಟ್ಟಿಯಿಂದ ಅಕ್ಕನ ಗಂಡ, ಭಾವನ ಫೋನು ಬಂತು. “ಎಂತ ಮಾಡಿದ್ದು ಮಾರಾಯ ನೀನು? ನನ್ನ ಹೊಸ ಲ್ಯಾಪ್‌ಟಾಪ್ ಎಷ್ಟು ಹೊತ್ತು ಇಟ್ರೂ ಬಿಸಿಯೇ ಆಗುದಿಲ್ಲ ಅಂತ ಇವಳು ಬೈತಾ ಇದ್ದಾಳೆ!” ಕಂಪ್ಯೂಟರಿನ ವಿಷಯದಲ್ಲಿ ನನ್ನನ್ನು ಒಬ್ಬರು ಸಲಹೆ ಕೇಳಿದ್ದು ಅದೇ ಮೊದಲು. ಹಳೆಯದೇ ಬೇಕು ಭಾವ, ಹೊಸತರಲ್ಲಿ ಸತ್ವ ಇಲ್ಲ ಎಂದು ಗಂಭೀರವಾಗಿ ಹೇಳಿದೆ.

ಅದೇ ಖುಷಿಯಲ್ಲಿ ಕುಳಿತಿರುವಾಗ ಸುಮತಿ ಆಗಷ್ಟೇ ಎಣ್ಣೆಯಲ್ಲಿ ಕಾಯಿಸಿದ ಹಪ್ಪಳದ ತಟ್ಟೆ ಹಿಡಿದು ಬಂದಳು. ಘಮಕ್ಕೆ ಬಾಯಲ್ಲಿ ನೀರೂರಿತು. “ಬೇಕಾ?” ಎಂದಳು. ಅಭ್ಯಾಸಬಲದಿಂದ “ಬೇಡ” ಎಂದೆ. ಅಷ್ಟು ದಿನ ನನ್ನ ಕರ್ನೆಲಿನ ಪಕ್ಕದಲ್ಲೇ ಕುಳಿತಿದ್ದವಳಲ್ಲವೇ, ಇನ್ನೊಂದು ಮಾತು ಕೇಳದೆ ತಟ್ಟೆ ತೆಗೆದುಕೊಂಡು ಹೋದಳು.